ಹಳೇ ಐ5 ಡಬ್ಬದಲ್ಲೇ ಎಐ ಓಡಿಸಿದೆ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದು ಟೈಪಿಂಗ್, ಜೆರಾಕ್ಸ್ ಅಂಗಡಿ. ಪಹಣಿ, ಖರೀದಿ ಪತ್ರ, ಆಧಾರ್, ದಿನವಿಡೀ ಮಂದಿಯ ಕಾಗದವೇ. ಉದ್ದ ಉದ್ದ ಪತ್ರಗಳ ಸಾರಾಂಶ ತೆಗೆಯೋಕೆ ಎಐ ಬೇಕಿತ್ತು. "ಈ ಡಬ್ಬದಾಗ ಓಡಂಗಿಲ್ರೀ" ಅಂತ ಡೀಲರ್ ಎಂಬತ್ತು ಸಾವಿರದ ಲ್ಯಾಪ್‌ಟಾಪ್ ತೋರಿಸಿದ. ಗೆಳೆಯರೂ ನಕ್ಕರು.

ಮೈಕ್ರೋಸಾಫ್ಟಿನ 'ಕೋಪೈಲಟ್ ಪ್ಲಸ್' ಎಐ ಕಂಪ್ಯೂಟರ್ ಅನ್ನಿಸಿಕೊಳ್ಳೋಕೆ ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ ಮಾಡೋ ಎಐ ಚಿಪ್, ಅಂದರೆ 40 ಟಾಪ್ಸ್ ಎನ್‌ಪಿಯು, 16 ಜಿಬಿ ರ್‍ಯಾಮ್ ಬೇಕು, ನಿಜ. ಅದರ ಜೊತೆ ರಿಕಾಲ್ ಕೂಡ ಬರುತ್ತದೆ, ಕೆಲವು ಸೆಕೆಂಡಿಗೊಮ್ಮೆ ಸ್ಕ್ರೀನಿನ ಚಿತ್ರ ತೆಗೆದಿಡೋದು. 2024ರಲ್ಲಿ ಗಲಾಟೆ ಆದಮೇಲೆ, ನಾವೇ ಆನ್ ಮಾಡಿದರೆ ಮಾತ್ರ ಅಂತ ಬದಲಾಯಿಸಿದರು. ಆದರೂ ನನ್ನ ಸ್ಕ್ರೀನಿನಲ್ಲಿ ಇರೋದು ನನ್ನ ಆಧಾರ್ ಅಲ್ವಲ್ಲ!

ನನ್ನ ಹಳೇ ಕಂಪ್ಯೂಟರಿನ ಪ್ರೊಸೆಸರ್ ಎಂಟನೇ ಜನರೇಶನ್ ಐ5, ರ್‍ಯಾಮ್ 8 ಜಿಬಿ. ನಮ್ಮ ಮಷೀನಿನಲ್ಲೇ ಎಐ ಓಡಿಸೋ ಒಲ್ಲಾಮಾ ಅನ್ನೋ ಸಾಫ್ಟ್‌ವೇರ್ ಹಾಕಿ, 8ಬಿ (800 ಕೋಟಿ ಪ್ಯಾರಾಮೀಟರಿನ) ಮಾಡೆಲ್ ಇಳಿಸಿದೆ. 4 ಬಿಟ್‌ಗೆ ಕುಗ್ಗಿಸಿದ್ದಾದರೂ ಅದೊಂದೇ ಸುಮಾರು 5 ಜಿಬಿ ರ್‍ಯಾಮ್ ತಿನ್ನುತ್ತದೆ. ಬ್ರೌಸರ್ ತೆರೆದಿದ್ದರೆ ಮುಗೀತು, ಒಂದು ಪದ ಬರೋದರೊಳಗೆ ಚಹಾ ಆರುತ್ತಿತ್ತು. ಹಳೇ 8 ಜಿಬಿ ರ್‍ಯಾಮ್ ಸ್ಟಿಕ್ ತೆಗೆದು 16 ಜಿಬಿಯದ್ದು ಒಂದೇ ಹಾಕಿದೆ, ಮೂರು ಸಾವಿರ ಹೋಯ್ತು. ಸೆಕೆಂಡಿಗೆ ಮೂರು ಟೋಕನ್ (ಪದದ ತುಂಡು), ಅಷ್ಟೇ. ಆಮೇಲೆ ತಲೆಗೆ ಹೊಳೆಯಿತು, ಸಿಂಗಲ್ ಚಾನೆಲ್! ಒಂದೇ ಸ್ಟಿಕ್ ಅಂದರೆ ಡೇಟಾ ಹೋಗೋಕೆ ಒಂದೇ ದಾರಿ. ಏಳೆಂಟು ನೂರು ಕಳಕೊಂಡು ಅದನ್ನು 8 ಜಿಬಿಗೆ ಬದಲಿಸಿ, ಹಳೇ ಸ್ಟಿಕ್ಕನ್ನೂ ಮತ್ತೆ ಹಾಕಿದೆ. ಎಂಟು ಎಂಟರ ಜೋಡಿ ಕೂತಮೇಲೆ ಹತ್ತಿರ ಹತ್ತಿರ ಎರಡು ಪಟ್ಟು ವೇಗ. ಅರ್ಧ ಗಾತ್ರದ 4ಬಿ ಮಾಡೆಲ್ ಅಂತೂ ಓದೋ ವೇಗಕ್ಕೇ ಬರುತ್ತದೆ. ನಡುವೆ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡಿಗೆ ಆರು ಸಾವಿರ ಸುರಿದಿದ್ದೆ. ಏಪ್ರಿಲ್ ಬಿಸಿಲಿಗೆ ಪವರ್ ಸಪ್ಲೈ ಸುಟ್ಟಿತು, ಕಾರ್ಡೂ ಅದರ ಹಿಂದೆ ಹೋಯ್ತು. ಈಗ ಪಕ್ಕದ ತಗಡು ತೆಗೆದು, ಕೂಲರ್ ಮುಂದೆ ಇಟ್ಟಿದ್ದೇನೆ.

ಒಂದು ಪ್ರಯೋಗ ಸುಮ್ನೆ ಮಾಡಿದೆ. ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ'ಯ ಹಳೇ ಫೈಲುಗಳನ್ನು ಓದಿಸಿದೆ, ಅದಕ್ಕೆ ಏನೂ ತಿಳಿಯಲಿಲ್ಲ. ಅವು ಯೂನಿಕೋಡ್, ಅಂದರೆ ಎಲ್ಲಾ ಕಂಪ್ಯೂಟರಿಗೂ ತಿಳಿಯೋ ಅಕ್ಷರ ಸಂಕೇತದಲ್ಲಿ ಇಲ್ಲ ನೋಡಿ. ಬದಲಿಸಿದಮೇಲೆ ಓದಿತು. ಆದರೆ ಕನ್ನಡಕ್ಕೆ ಟೋಕನ್ ಜಾಸ್ತಿ ತಿನ್ನುತ್ತದೆ, ಸಣ್ಣ ಮಾಡೆಲ್ ಸರ್ವೆ ನಂಬರನ್ನೇ ತಪ್ಪಿಸಿತು. ಅದಕ್ಕೆ ನಂಬರೆಲ್ಲ ನಾನೇ ತಾಳೆ ನೋಡುತ್ತೇನೆ. ಎಐಗೆ ನಾನು ಕೊಡೋ ಸೂಚನೆಯ (ಪ್ರಾಂಪ್ಟ್) ಕೊನೇ ಸಾಲು ಏನಂತ ಮಾತ್ರ ಕೇಳಬೇಡಿ, ಎದುರುಗಡೆ ಇನ್ನೂ ಎರಡು ಅಂಗಡಿ ಇವೆ.

ಮೊನ್ನೆ ಜೇವರ್ಗಿ ಕಡೆಯ ಒಬ್ಬ ಅಜ್ಜ, "ನಮ್ದ್ ಕಾಗದ ಎಲ್ಲಿಗೂ ಹೋಗಂಗಿಲ್ಲಲ್ರೀ?" ಅಂದರು. ಮಷೀನಿನ ಹಿಂದಿನ ನೀಲಿ ಇಂಟರ್ನೆಟ್ ವೈರ್ ಕಿತ್ತು, ಅವರ ಕೈಯಲ್ಲೇ ಕೊಟ್ಟೆ. ಸಾರಾಂಶ ಪೂರ್ತಿ ಬರೋ ತನಕ ಅದನ್ನು ಹಿಡಕೊಂಡೇ ಕೂತಿದ್ದರು.