ಭಾನುವಾರ ರಾತ್ರಿ ಮೀಟರ್ ನೋಡಿ: ಕಾರ್ಖಾನೆ ನೀರಿನ ಹೊಣೆ ಹೊರುವುದು ಹೇಗೆ?

ಕೋಲಾರದ ಕಡೆ ಯಾರ ಹತ್ತಿರವಾದರೂ ಬೋರ್‌ವೆಲ್ ಮಾತು ತೆಗೆಯಿರಿ. ಉತ್ತರ ಅಡಿ ಮತ್ತು ಇಂಚಿನಲ್ಲೇ ಬರುತ್ತದೆ. ‘ಸಾವಿರದಿನ್ನೂರು ಅಡಿ ಕೊರೆಸಿದ್ವಿ, ಒಂದೂವರೆ ಇಂಚು ನೀರು ಬಿತ್ತು.’ ‘ಹೋದ ಬೇಸಿಗೆಗೆ ಅದೂ ನಿಂತುಹೋಯ್ತು.’ ವರ್ಷವಿಡೀ ಹರಿಯುವ ಹೊಳೆ ಈ ಜಿಲ್ಲೆಯಲ್ಲಿ ಒಂದೂ ಇಲ್ಲ. ಪಾಲಾರ್, ದಕ್ಷಿಣ ಪಿನಾಕಿನಿ ಎರಡೂ ಮಳೆ ಬಂದಾಗ ಮಾತ್ರ ಹೊಳೆಗಳು. ವರ್ಷದ ಮಳೆ 700 ಮಿಲಿಮೀಟರ್ ಆಸುಪಾಸು. ಅದೂ ಒಂದು ವರ್ಷ ಬಂದರೆ ಇನ್ನೊಂದು ವರ್ಷ ಕೈಕೊಡುತ್ತದೆ.

ಇದೇ ನೆಲದ ಮೇಲೆ ಮಾಲೂರು, ನರಸಾಪುರ, ವೇಮಗಲ್‌ನ ಕೈಗಾರಿಕಾ ಪ್ರದೇಶಗಳಿವೆ. ಸಾವಿರಾರು ಮನೆಗಳ ಒಲೆ ಅವುಗಳಿಂದ ಉರಿಯುತ್ತಿದೆ. ಕಾರ್ಖಾನೆ ಬೇಡ ಎನ್ನುವಂತಿಲ್ಲ, ನೀರು ಹೋಗಲಿ ಬಿಡಿ ಎನ್ನುವಂತೆಯೂ ಇಲ್ಲ. ಕಾರ್ಖಾನೆಗೆ ನೀರಿನ ಚಿಂತೆ ಇಲ್ಲಿ ಹೊಸದೇನೂ ಅಲ್ಲ. ಕೆಜಿಎಫ್‌ನ ಗಣಿಗಳಿಗೂ ಅಲ್ಲಿನ ಜನಕ್ಕೂ ನೀರು ಬರುತ್ತಿದ್ದುದು ಪಾಲಾರ್‌ಗೆ ಕಟ್ಟಿದ ಬೇತಮಂಗಲದ ಕೆರೆಯಿಂದ.

ನಾನು ಹಲವು ವರ್ಷ ಕಾರ್ಖಾನೆಗಳ ಯುಟಿಲಿಟಿ ವಿಭಾಗದಲ್ಲಿ ದುಡಿದವನು. ಪಂಪ್‌ಹೌಸ್, ಯಂತ್ರಗಳಿಂದ ಬರುವ ಬಿಸಿ ನೀರನ್ನು ತಣಿಸುವ ಕೂಲಿಂಗ್ ಟವರ್, ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿ ಇವೇ ನನ್ನ ದಿನಚರಿ. ಅಲ್ಲಿ ಕಲಿತ ಕ್ರಮವನ್ನು ಇಲ್ಲಿ ಹೇಳುತ್ತೇನೆ. ಕ್ರಮ ಅಂತ ಒತ್ತಿ ಹೇಳಲು ಕಾರಣ ಇದೆ. ಬಹಳ ಕಡೆ ಮೊದಲು ಇಂಗುಗುಂಡಿ ತೋಡಿಸಿ ಫೋಟೊ ತೆಗೆಸುತ್ತಾರೆ, ಸೋರುವ ಪೈಪು ಸೋರುತ್ತಲೇ ಇರುತ್ತದೆ.

ಮೊದಲು ಒಂದು ವಿಷಯ ಮನಸ್ಸಿಗೆ ಹತ್ತಬೇಕು. ಈ ಭಾಗದ ನೆಲದಡಿ ಇರುವುದು ಗಟ್ಟಿ ಬಂಡೆ. ನೀರು ನಿಲ್ಲುವುದು, ಹರಿಯುವುದು ಬಂಡೆಯ ಬಿರುಕುಗಳಲ್ಲಿ. ನಿಮ್ಮ ಕಾಂಪೌಂಡಿನೊಳಗಿನ ಬೋರೂ ಗೇಟಿನಾಚೆಯ ಟೊಮೆಟೊ ಬೆಳೆಗಾರನ ಬೋರೂ ಒಂದೇ ಬಿರುಕಿನಿಂದ ನೀರೆತ್ತುತ್ತಿರಬಹುದು. ಕಾಂಪೌಂಡ್ ಗೋಡೆ ನೆಲದ ಮೇಲೆ ಮಾತ್ರ ಇದೆ.

ಮೀಟರ್ ಹಾಕಿ, ರಜೆಯ ದಿನ ಓದಿ

ಒಟ್ಟು ನೀರಿಗೆ ಒಂದೇ ಮೀಟರ್ ಇದ್ದರೆ ಏನೂ ಗೊತ್ತಾಗುವುದಿಲ್ಲ. ಪ್ರತಿ ಬೋರ್‌ಗೆ ಒಂದು, ಟ್ಯಾಂಕರ್ ನೀರು ಇಳಿಯುವ ಕಡೆ ಒಂದು, ಆಮೇಲೆ ಕೂಲಿಂಗ್ ಟವರ್, ನೀರಿನ ಲವಣ ತೆಗೆಯುವ ಆರ್‌ಒ, ಬಿಡಿಭಾಗ ತೊಳೆಯುವ ಲೈನ್, ಕ್ಯಾಂಟೀನ್, ಶೌಚಾಲಯ, ತೋಟ ಹೀಗೆ ಕವಲು ಕವಲಿಗೂ ಒಂದೊಂದು ಮೀಟರ್ ಬೇಕು. ಒಮ್ಮೆಗೇ ಎಲ್ಲ ಆಗದಿದ್ದರೆ ಜಾಸ್ತಿ ನೀರು ಕುಡಿಯುವ ಮೂರು ಕಡೆ ಮೊದಲು ಹಾಕಿ. ಪ್ರತಿದಿನ ಒಂದೇ ಹೊತ್ತಿಗೆ ಓದಿ ಬರೆಯಲು ಒಬ್ಬರನ್ನು ಹೆಸರು ಹಿಡಿದು ನೇಮಿಸಿ. ‘ಯಾರಾದರೂ ನೋಡ್ಕೊಳ್ತಾರೆ’ ಅಂದರೆ ಯಾರೂ ನೋಡುವುದಿಲ್ಲ.

ಲೆಕ್ಕಕ್ಕೆ ಒಂದು ಮಧ್ಯಮ ಗಾತ್ರದ ಬಿಡಿಭಾಗಗಳ ಕಾರ್ಖಾನೆ ಇಟ್ಟುಕೊಳ್ಳೋಣ. 600 ಜನ ಕೆಲಸಗಾರರು. ಬೋರ್ ಮೀಟರ್ ದಿನಕ್ಕೆ 120 ಕೆಎಲ್ ತೋರಿಸುತ್ತಿದೆ. ಒಂದು ಕೆಎಲ್ ಅಂದರೆ ಸಾವಿರ ಲೀಟರ್. ಸ್ನಾನದ ಮನೆ ಇರುವ ಕಾರ್ಖಾನೆಗೆ ನ್ಯಾಷನಲ್ ಬಿಲ್ಡಿಂಗ್ ಕೋಡ್ ಹೇಳುವ ಅಳತೆ ತಲೆಗೆ 45 ಲೀಟರ್. ಆ ಲೆಕ್ಕದಲ್ಲಿ ಜನಕ್ಕೆ 27 ಕೆಎಲ್. ಕೂಲಿಂಗ್ ಟವರ್‌ಗೆ 40, ತೊಳೆಯುವ ಲೈನ್‌ಗೆ 35, ತೋಟಕ್ಕೆ 10 ಅಂದುಕೊಳ್ಳಿ. ಕೂಡಿದರೆ 112. ಉಳಿದ 8 ಕೆಎಲ್ ಎಲ್ಲಿ?

ಆ 8 ಕೆಎಲ್ ಅಂದರೆ ನಿಮಿಷಕ್ಕೆ ಐದೂವರೆ ಲೀಟರ್. ಒಂದು ನಲ್ಲಿಯನ್ನು ಹಗಲೂ ರಾತ್ರಿ ಅರ್ಧ ತಿರುಗಿಸಿ ಬಿಟ್ಟ ಹಾಗೆ. ಇದು ಕೆಲಸದ ದಿನ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ವಾರದ ರಜೆಯ ರಾತ್ರಿ ಬೇಕು. ಲೈನ್ ನಿಂತಿರುತ್ತದೆ, ಕ್ಯಾಂಟೀನ್ ಮುಚ್ಚಿರುತ್ತದೆ. ಹತ್ತು ಗಂಟೆಗೆ ಮೀಟರ್‌ಗಳನ್ನು ಓದಿ, ಬೆಳಗಿನ ಜಾವ ನಾಲ್ಕಕ್ಕೆ ಮತ್ತೆ ಓದಿ. ಯಾವುದು ಓಡಿದೆಯೋ ಆ ಪೈಪಿನ ಬೆನ್ನು ಹತ್ತಿ ಹೋಗಿ.

ನಾನು ಮೊದಲ ಸಲ ಹೀಗೆ ಹೋದಾಗ ಸಿಕ್ಕಿದ್ದು ಕ್ಯಾಂಟೀನ್ ಮೇಲಿನ ಟ್ಯಾಂಕ್. ಟ್ಯಾಂಕ್ ತುಂಬಿದೊಡನೆ ನೀರು ನಿಲ್ಲಿಸುವ ಫ್ಲೋಟ್ ವಾಲ್ವ್ ಕೆಟ್ಟಿತ್ತು. ತುಂಬಿ ಚೆಲ್ಲುವ ಪೈಪನ್ನು ಯಾರೋ ನೇರವಾಗಿ ಮಳೆನೀರಿನ ಮೋರಿಗೆ ಜೋಡಿಸಿಬಿಟ್ಟಿದ್ದರು. ನೆಲ ಒದ್ದೆಯಾಗುತ್ತಿರಲಿಲ್ಲ, ಹಾಗಾಗಿ ಯಾರಿಗೂ ಕಾಣುತ್ತಿರಲಿಲ್ಲ. ಕಾವಲಿಗಿದ್ದ ಅಣ್ಣನನ್ನು ಕೇಳಿದೆ. ‘ಸಾರ್, ಅದು ಯಾವಾಗ್ಲೂ ಹಂಗೇ ಹರೀತಿರುತ್ತೆ’ ಅಂದರು. ಅವರಿಗೆ ಗೊತ್ತಿತ್ತು, ನಾವು ಕೇಳಿರಲಿಲ್ಲ. ಅಂದಿನಿಂದ ಯಾವ ಕಾರ್ಖಾನೆಗೆ ಹೋದರೂ ಮೊದಲು ಮಾತಾಡಿಸುವುದು ಕಾವಲಿನವರನ್ನು ಮತ್ತು ಕಸ ಗುಡಿಸುವ ಅಕ್ಕಂದಿರನ್ನು. ನೆಲದಡಿಯ ಟ್ಯಾಂಕುಗಳಿಗೂ ಚೆಲ್ಲುವ ಪೈಪನ್ನು ಕಣ್ಣಿಗೆ ಕಾಣುವ ಜಾಗಕ್ಕೆ ತಂದಿಡಿ. ಚೆಲ್ಲಿದರೆ ನಾಚಿಕೆಯಾಗುವಂತಿರಬೇಕು.

ಕೂಲಿಂಗ್ ಟವರ್: ಒಂದು ವಾಲ್ವಿನ ಲೆಕ್ಕ

ಕೂಲಿಂಗ್ ಟವರ್‌ನಲ್ಲಿ ನೀರು ಆವಿಯಾಗಿ ಹೋಗುತ್ತದೆ, ಲವಣ ಉಳಿಯುತ್ತದೆ. ಲವಣ ಜಾಸ್ತಿಯಾದರೆ ಪೈಪಿನೊಳಗೆ ಗಾರೆಯಂತೆ ಕಟ್ಟುತ್ತದೆ. ಅದಕ್ಕೆ ಸ್ವಲ್ಪ ನೀರನ್ನು ಹೊರಗೆ ಬಿಟ್ಟು ಹೊಸ ನೀರು ತುಂಬುತ್ತಾರೆ. ಹೀಗೆ ಬಿಡುವುದೇ ಬ್ಲೋಡೌನ್. ಟವರಿನ ನೀರು ಹೊಸ ನೀರಿಗಿಂತ ಲವಣದಲ್ಲಿ ಎಷ್ಟು ಪಟ್ಟು ಗಟ್ಟಿಯಾದ ಮೇಲೆ ಬಿಡುತ್ತೀರಿ ಅನ್ನುವುದರಲ್ಲಿ ಎಲ್ಲ ಅಡಗಿದೆ. ಇದಕ್ಕೆ ಸಿಒಸಿ ಅನ್ನುತ್ತಾರೆ.

ದಿನಕ್ಕೆ 20 ಕೆಎಲ್ ಆವಿಯಾಗುತ್ತದೆ ಅನ್ನಿ. ಸಿಒಸಿ 2 ಇದ್ದರೆ ಒಟ್ಟು 40 ಕೆಎಲ್ ಹೊಸ ನೀರು ಬೇಕು. 3 ಆದರೆ 30. 5 ಆದರೆ 25 ಸಾಕು. ಎರಡರಿಂದ ಐದಕ್ಕೆ ಏರಿಸಿದರೆ ದಿನಕ್ಕೆ 15 ಕೆಎಲ್ ಉಳಿಯಿತು. ಐದರಿಂದ ಎಂಟಕ್ಕೆ ಹೋದರೆ ಇನ್ನೆರಡು ಕೆಎಲ್ ಉಳಿಯಬಹುದು, ಅಷ್ಟೆ. ಅಷ್ಟಕ್ಕಾಗಿ ಪೈಪು ಹಾಳು ಮಾಡಿಕೊಳ್ಳುವುದು ಬೇಡ.

ಬಹಳ ಕಡೆ ಬ್ಲೋಡೌನ್ ವಾಲ್ವನ್ನು ಆಪರೇಟರ್ ಅಂದಾಜಿಗೆ ತೆರೆದಿಡುತ್ತಾನೆ. ಪೈಪು ಕಟ್ಟಿಕೊಂಡರೆ ಬೈಗುಳ ತಿನ್ನುವವನು ಅವನೇ, ಹಾಗಾಗಿ ಸ್ವಲ್ಪ ಜಾಸ್ತಿಯೇ ಬಿಡುತ್ತಾನೆ. ಅವನನ್ನು ದೂರಬೇಡಿ. ನೀರಿನ ಕಂಡಕ್ಟಿವಿಟಿ (ಲವಣ ಹೆಚ್ಚಿದಷ್ಟೂ ಏರುವ ವಿದ್ಯುತ್ ವಾಹಕತೆ) ನೋಡಿ ತಾನೇ ತೆರೆದು ಮುಚ್ಚುವ ಕಂಟ್ರೋಲರ್ ಕೊಡಿಸಿ. ಇಲ್ಲಿನ ಬೋರ್ ನೀರು ಗಡಸು. ಹಾಗಾಗಿ ಮೊದಲು ಲ್ಯಾಬಿನಲ್ಲಿ ಗಡಸುತನ, ಸಿಲಿಕಾ ಪರೀಕ್ಷೆ ಮಾಡಿಸಿ. ಎಷ್ಟು ಸಿಒಸಿ ತಡೆಯುತ್ತದೆ ಅಂತ ತಿಳಿದ ಮೇಲೆ, ಬೇಕಿದ್ದರೆ ಮೆದು ಮಾಡಿದ ನೀರು ಬೆರೆಸಿ.

ತೊಳೆಯುವ ಲೈನ್: ಬಟ್ಟೆ ಜಾಲಿಸುವ ಬುದ್ಧಿ

ನಮ್ಮ ಮನೆಗಳಲ್ಲಿ ಬಟ್ಟೆ ಜಾಲಿಸುವುದನ್ನು ನೋಡಿದ್ದೀರಲ್ವಾ? ಕೊನೆಗೆ ಜಾಲಿಸಿದ ಬಕೆಟ್ಟಿನ ನೀರು ಹೆಚ್ಚುಕಡಿಮೆ ತಿಳಿಯಾಗೇ ಇರುತ್ತದೆ. ಅಮ್ಮ ಅದನ್ನು ಚೆಲ್ಲುವುದಿಲ್ಲ. ಮುಂದಿನ ಕಂತಿನ ಬಟ್ಟೆಯ ಮೊದಲ ಜಾಲಿಸುವಿಕೆಗೆ ಬಳಸುತ್ತಾಳೆ. ಪೇಂಟ್‌ಗೆ ಮೊದಲು ಲೋಹವನ್ನು ತೊಳೆಯುವ ಫಾಸ್ಫೇಟಿಂಗ್ ಲೈನ್‌ನಲ್ಲೂ, ಲೋಹದ ಲೇಪ ಕೊಡುವ ಪ್ಲೇಟಿಂಗ್ ಶಾಪ್‌ನಲ್ಲೂ ಮಾಡಬೇಕಾದ್ದು ಇದನ್ನೇ. ಹೊಸ ನೀರನ್ನು ಕೊನೆಯ ತೊಟ್ಟಿಗೆ ಮಾತ್ರ ಬಿಡಿ. ಅಲ್ಲಿಂದ ಅದು ಹಿಂದಿನ ತೊಟ್ಟಿಗೆ, ಅಲ್ಲಿಂದ ಅದರ ಹಿಂದಿನದಕ್ಕೆ ಹರಿಯಲಿ. ಸಾಮಾನು ಮುಂದಕ್ಕೆ, ನೀರು ಹಿಂದಕ್ಕೆ.

ಇದರ ಲೆಕ್ಕ ನೋಡಿದರೆ ಆಶ್ಚರ್ಯವಾಗುತ್ತದೆ. ಸಾಮಾನಿಗೆ ಅಂಟಿ ಬರುವ ಒಂದು ಲೀಟರ್ ರಾಸಾಯನಿಕವನ್ನು ಸಾವಿರ ಪಟ್ಟು ತೆಳುವಾಗಿಸಬೇಕು ಅನ್ನಿ. ಒಂದೇ ತೊಟ್ಟಿಯಾದರೆ ಸಾವಿರ ಲೀಟರ್ ಬೇಕು. ಹೀಗೆ ಹಿಮ್ಮುಖವಾಗಿ ಜೋಡಿಸಿದ ಎರಡು ತೊಟ್ಟಿಗೆ ಸುಮಾರು 32 ಲೀಟರ್. ಮೂರಕ್ಕೆ ಹತ್ತು. ಇದು ಕಾಗದದ ಮೇಲಿನ ಲೆಕ್ಕ. ಶಾಪ್ ಫ್ಲೋರ್‌ನಲ್ಲಿ ಇದಕ್ಕಿಂತ ಜಾಸ್ತಿಯೇ ಬೇಕಾಗುತ್ತದೆ. ಆದರೂ ನಮ್ಮ ಉದಾಹರಣೆಯ 35 ಕೆಎಲ್ ಅನ್ನು 23ಕ್ಕೆ ಇಳಿಸುವುದು ದೊಡ್ಡ ಆಸೆಯೇನಲ್ಲ. ಇನ್ನೊಂದು ಸುಲಭದ ಕೆಲಸ ಇದೆ. ಸಾಮಾನನ್ನು ತೊಟ್ಟಿಯಿಂದ ಎತ್ತಿದ ಮೇಲೆ ಹತ್ತು ಹದಿನೈದು ಸೆಕೆಂಡ್ ಅಲ್ಲೇ ತೂಗಿಸಿ, ತೊಟ್ಟಿಕ್ಕಲು ಬಿಡಿ. ರಾಸಾಯನಿಕವೂ ಉಳಿಯುತ್ತದೆ, ನೀರೂ ಉಳಿಯುತ್ತದೆ.

ಬಳಸಿದ ನೀರು ಇನ್ನೊಮ್ಮೆ

ಜನ ಬಳಸಿದ 27 ಕೆಎಲ್‌ನಲ್ಲಿ 20 ಕೆಎಲ್‌ನಷ್ಟಾದರೂ ಎಸ್‌ಟಿಪಿಗೆ ಬರುತ್ತದೆ. ಚೆನ್ನಾಗಿ ಶುದ್ಧ ಮಾಡಿದರೆ ತೋಟದ 10 ಕೆಎಲ್, ಶೌಚಾಲಯದ ಫ್ಲಶ್‌ಗೆ ಬೇಕಾದ ಇನ್ನೊಂದು ಹತ್ತು, ಎರಡೂ ಇದರಲ್ಲೇ ಆಗುತ್ತವೆ. ಪೈಪಿಗೆ ಬೇರೆ ಬಣ್ಣ ಬಳಿಯಿರಿ, ಕುಡಿಯುವ ನೀರಿನ ಪೈಪಿನ ಜೊತೆ ಎಲ್ಲೂ ಜೋಡಣೆ ಇರಬಾರದು. ರಾಸಾಯನಿಕ ಬೆರೆತ ನೀರನ್ನು ಯಾವತ್ತೂ ಎಸ್‌ಟಿಪಿಗೆ ಬಿಡಬೇಡಿ, ಅಲ್ಲಿ ಕೊಳೆ ತಿನ್ನುವ ಸೂಕ್ಷ್ಮಜೀವಿಗಳು ಸಾಯುತ್ತವೆ. ಆ ನೀರಿನ ದಾರಿ ಇಟಿಪಿ, ಅಂದರೆ ಕಾರ್ಖಾನೆಯ ತ್ಯಾಜ್ಯ ನೀರನ್ನು ಶುದ್ಧ ಮಾಡುವ ಘಟಕ. ಕೊನೆಗೆ ಉಳಿದ ಉಪ್ಪು ನೀರನ್ನು ಕುದಿಸಿ ಒಣಗಿಸಲು ಬಹಳ ಇಂಧನ ಬೇಕು. ಅದಕ್ಕೇ ಮೊದಲು ಬಳಕೆ ಇಳಿಸಿ, ಆಮೇಲೆ ಇಟಿಪಿಯ ಗಾತ್ರ ನಿರ್ಧರಿಸಿ ಅನ್ನುವುದು.

ಈಗ ಕೂಡಿ ಕಳೆಯೋಣ. ಸೋರಿಕೆಯ 8, ಟವರಿನ 15, ಲೈನಿನ 12, ತೋಟ ಮತ್ತು ಫ್ಲಶ್‌ನ 20. ಒಟ್ಟು 55 ಕೆಎಲ್ ಉಳಿಯಿತು. 120 ಇದ್ದದ್ದು 65ಕ್ಕೆ ಬಂತು. ಇನ್ನೂ ಒಂದು ಹನಿ ಮಳೆನೀರು ಹಿಡಿದಿಲ್ಲ ಅನ್ನುವುದನ್ನು ಗಮನಿಸಿ.

ಕೇಂದ್ರ ಅಂತರ್ಜಲ ಪ್ರಾಧಿಕಾರದ 2020ರ ಮಾರ್ಗಸೂಚಿ ಒಂದು ಗುರಿ ಕೊಡುತ್ತದೆ. ದಿನಕ್ಕೆ 100 ಕೆಎಲ್‌ಗಿಂತ ಹೆಚ್ಚು ಅಂತರ್ಜಲ ಎತ್ತುವ ಕೈಗಾರಿಕೆ ಪ್ರತಿವರ್ಷ ನೀರಿನ ಆಡಿಟ್ ಮಾಡಿಸಬೇಕು, ಮೂರು ವರ್ಷದಲ್ಲಿ ಬಳಕೆಯನ್ನು ಶೇ 20ರಷ್ಟಾದರೂ ಇಳಿಸಬೇಕು. ಕರ್ನಾಟಕಕ್ಕೆ 2011ರ ತನ್ನದೇ ಅಂತರ್ಜಲ ಕಾಯ್ದೆಯೂ ಇದೆ. ಆದರೆ ಕೋಲಾರದಂಥ ಕಡೆ ಶೇ 20ಕ್ಕೆ ತೃಪ್ತಿಪಡುವುದು ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ.

ಚಾವಣಿಯ ಮಳೆ

ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 5,000 ಚದರ ಮೀಟರ್ ಚಾವಣಿ, 700 ಮಿಲಿಮೀಟರ್ ಮಳೆ, ಅದರಲ್ಲಿ ಶೇ 80 ಕೈಗೆ ಸಿಕ್ಕರೆ ವರ್ಷಕ್ಕೆ 28 ಲಕ್ಷ ಲೀಟರ್. ಕೇಳಲು ದೊಡ್ಡದು. ದಿನಕ್ಕೆ 120 ಕೆಎಲ್ ಎತ್ತುವ ಕಾರ್ಖಾನೆಗೆ ಇದು 23 ದಿನದ ನೀರು. 65ಕ್ಕೆ ಇಳಿಸಿದವರಿಗೆ 43 ದಿನದ ನೀರು. ಮಳೆಕೊಯ್ಲು ಕೊನೆಗೆ ಬರಲಿ ಅನ್ನುವುದು ಇದಕ್ಕೇ.

ಹಿಡಿದ ಮಳೆನೀರನ್ನು ನೆಲಕ್ಕೆ ಇಂಗಿಸುವ ಮೊದಲು ಬಳಸಿ. ಅದರಲ್ಲಿ ಲವಣ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕೂಲಿಂಗ್ ಟವರ್‌ಗೆ, ಆರ್‌ಒಗೆ ಅದಕ್ಕಿಂತ ಒಳ್ಳೆಯ ನೀರು ಬೋರ್‌ನಲ್ಲಿ ಸಿಗುವುದಿಲ್ಲ. ಮಿಕ್ಕಿದ್ದನ್ನು ಇಂಗಿಸಿ. ಆದರೆ ಒಂದು ಮಾತು ದಯವಿಟ್ಟು ನೆನಪಿಡಿ: ಇಂಗುಬಾವಿಗೆ ಚಾವಣಿಯ ನೀರು ಮಾತ್ರ ಹೋಗಬೇಕು, ಅದೂ ಮೊದಲ ಮಳೆಯ ಕೊಳೆ ಹರಿದುಹೋದ ಮೇಲೆ, ಸೋಸಿ. ಲಾರಿ ನಿಲ್ಲುವ ಅಂಗಳದ ನೀರಿನಲ್ಲಿ ಎಣ್ಣೆ, ಲೋಹದ ಪುಡಿ ಇರುತ್ತದೆ. ಅದನ್ನು ಒಣಗಿದ ಬೋರ್‌ಗೆ ಬಿಟ್ಟರೆ ಮಣ್ಣಿನಲ್ಲಿ ಸೋಸಿ ಹೋಗುವುದಿಲ್ಲ, ನೇರ ಬಂಡೆಯ ಬಿರುಕಿಗೆ ಸೇರುತ್ತದೆ. ಪಕ್ಕದ ಊರಿನವರು ಅದನ್ನೇ ಕುಡಿಯಬೇಕು. ಫ್ಲೋರೈಡ್ ಕಾಟ ಈಗಾಗಲೇ ಇರುವ ಜಿಲ್ಲೆಗೆ ಇನ್ನೊಂದು ವಿಷ ಬೇಡ.

ಗೇಟಿನಾಚೆ

ಇಷ್ಟಾದ ಮೇಲೆ ಹೊರಗೆ ಹೋಗಿ. ಅಲಯನ್ಸ್ ಫಾರ್ ವಾಟರ್ ಸ್ಟೀವರ್ಡ್‌ಶಿಪ್ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ ಮಾನದಂಡ ಕೇಳುವುದೂ ಇದನ್ನೇ. ಕಾರ್ಖಾನೆಯೊಳಗಿನ ಉಳಿತಾಯ ನೋಡಿದರೆ ಸಾಲದು, ಅದು ಕೂತಿರುವ ಇಡೀ ಜಲಾನಯನವನ್ನು ನೋಡಬೇಕು.

ಊರಿನವರ ಜೊತೆ ಮೊದಲ ಸಭೆಯನ್ನು ಮೇ ತಿಂಗಳಲ್ಲಿ ಇಟ್ಟುಕೊಳ್ಳಿ, ಮಳೆಗಾಲದಲ್ಲಿ ಬೇಡ. ಬೇಸಿಗೆಯಲ್ಲಿ ಜನ ನಿಜವಾದ ಕಷ್ಟ ಹೇಳುತ್ತಾರೆ. ಯಾವ ಬೋರ್ ಯಾವ ವರ್ಷ ನಿಂತಿತು, ಕೆರೆ ಕೊನೆಯ ಸಲ ಕೋಡಿ ಹೋದದ್ದು ಯಾವಾಗ, ಕೆರೆಗೆ ನೀರು ತರುವ ಕಾಲುವೆ ಎಲ್ಲಿ ಮುಚ್ಚಿದೆ, ಇದೆಲ್ಲ ಊರಿನ ಹಿರಿಯರಿಗೆ ಮತ್ತು ನೀರು ಬಿಡುವ ನೀರುಗಂಟಿಗೆ ಬಾಯಲ್ಲೇ ಇರುತ್ತದೆ. ಬರೆದುಕೊಳ್ಳಿ.

ಕಂಪನಿಗಳು ಸಮಾಜದ ಕೆಲಸಕ್ಕೆಂದು ಎತ್ತಿಡುವ ಸಿಎಸ್‌ಆರ್ ಹಣದಲ್ಲಿ ಕೆರೆ ಹೂಳೆತ್ತುವುದು ಎಲ್ಲರಿಗೂ ಇಷ್ಟ. ಜೆಸಿಬಿ ಕೆಲಸ ಕಾಣುತ್ತದೆ. ಆದರೆ ಪೋಷಕ ಕಾಲುವೆ ಮುಚ್ಚಿದ್ದರೆ ಹೂಳೆತ್ತಿದ ಕೆರೆಯೂ ಖಾಲಿಯೇ. ಮೊದಲು ಕಾಲುವೆ ಬಿಡಿಸಿ, ಆಮೇಲೆ ತೂಬು, ಏರಿ, ಕೋಡಿ ನೋಡಿ, ಕೊನೆಗೆ ಹೂಳು. ಎತ್ತಿದ ಹೂಳು ರೈತರ ಹೊಲಕ್ಕೆ ಹೋಗಲಿ, ಲೇಔಟ್‌ಗೆ ಬೇಡ. ಅಚ್ಚುಕಟ್ಟು, ಅಂದರೆ ಕೆರೆಯಿಂದ ನೀರು ಪಡೆಯುವ ಜಮೀನು, 40 ಹೆಕ್ಟೇರ್‌ಗಿಂತ ದೊಡ್ಡದಾದರೆ ಕೆರೆ ಸಣ್ಣ ನೀರಾವರಿ ಇಲಾಖೆಯದು, ಚಿಕ್ಕದಾದರೆ ಪಂಚಾಯತ್ ವ್ಯವಸ್ಥೆಯದು. ಒಪ್ಪಿಗೆ ಅಲ್ಲಿ ಪಡೆಯಿರಿ.

2018ರಿಂದ ಕೆಸಿ ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಎರಡು ಹಂತದಲ್ಲಷ್ಟೇ ಶುದ್ಧ ಮಾಡಿದ ನೀರು ಅದು. ಅದರ ಗುಣಮಟ್ಟದ ಬಗ್ಗೆ ಜನರ ಆತಂಕ ನ್ಯಾಯವಾದದ್ದೇ. ತುಂಬಿದ ಕೆರೆಗಳ ಸುತ್ತ ಬೋರ್‌ಗಳಲ್ಲಿ ನೀರು ಮೇಲೆ ಬಂದದ್ದೂ ನಿಜ. ಹಾಗೆ ಮೇಲೆ ಬಂದ ನೀರು ಕಾರ್ಖಾನೆಗೆ ಸಿಕ್ಕ ಬೋನಸ್ ಅಲ್ಲ. ಪಂಪ್ ಹೊತ್ತು ಹೆಚ್ಚಿಸಬೇಡಿ. ನಿಮ್ಮ ಲ್ಯಾಬ್ ಇದ್ದರೆ ಅಕ್ಕಪಕ್ಕದ ಊರಿನ ಕುಡಿಯುವ ನೀರನ್ನು ಮೂರು ತಿಂಗಳಿಗೊಮ್ಮೆ ಪರೀಕ್ಷಿಸಿ, ಫಲಿತಾಂಶವನ್ನು ಪಂಚಾಯಿತಿಗೆ ಕೊಡಿ. ಅದಕ್ಕೆ ಆಗುವ ಖರ್ಚು ಸಣ್ಣದು, ಉಪಕಾರ ದೊಡ್ಡದು.

ಕೊನೆಯ ಕೆಲಸ ಒಂದು ಬೋರ್ಡ್. ಗೇಟಿನ ಹೊರಮುಖಕ್ಕೆ, ರಸ್ತೆಯಲ್ಲಿ ಹೋಗುವವರಿಗೆ ಕಾಣುವ ಹಾಗೆ, ಕನ್ನಡದಲ್ಲಿ ಮೂರೇ ಸಾಲು ಇರಲಿ. ನಿನ್ನೆ ಬೋರ್‌ನಿಂದ ಎತ್ತಿದ್ದು ಎಷ್ಟು ಲೀಟರ್. ಮತ್ತೆ ಬಳಸಿದ್ದು ಎಷ್ಟು. ಈ ವಾರ ಬೋರ್‌ನಲ್ಲಿ ನೀರು ಎಷ್ಟು ಅಡಿಯಲ್ಲಿದೆ. ಬೆಳಗಿನ ಶಿಫ್ಟ್ ಶುರುವಾಗುವ ಮೊದಲು ಅದನ್ನು ತಿದ್ದಿ ಬರೆಯುವ ಕೆಲಸವನ್ನು ಮೀಟರ್ ಓದುವವರಿಗೇ ವಹಿಸಿ.