ಕೊಟ್ಟ ಬುದ್ಧಿಮಾತಿನ ಲೆಕ್ಕ ಇಡುವುದು ಹೇಗೆ

ಸಕಲೇಶಪುರದ ನಮ್ಮ ಕ್ರೈಸ್ತ ಸಭೆಯಲ್ಲಿ 22 ವರ್ಷ ಸಂಡೇ ಸ್ಕೂಲ್ ನಡೆಸಿದೆ. ಹೀಗಾಗಿ ಮದುವೆ, ಸಾಲ, ಮಕ್ಕಳ ಓದು, ಯಾವುದೇ ಇರಲಿ, ‘ಟೀಚರಮ್ಮನನ್ನು ಒಂದು ಮಾತು ಕೇಳೋಣ’ ಎಂದು ಜನ ನಮ್ಮ ಮನೆಗೆ ಬರುತ್ತಾರೆ. ಅವರಿಗೆ ಕಾಫಿ ಕೊಟ್ಟು, ಬೈಬಲ್ ತೆರೆದು, ಬುದ್ಧಿ ಹೇಳಿ ಕಳುಹಿಸುತ್ತಿದ್ದೆ. ಹೇಳಿದ್ದರಿಂದ ಏನಾಯಿತು ಎಂದು ಒಮ್ಮೆಯೂ ವಿಚಾರಿಸಿರಲಿಲ್ಲ. ತನ್ನ ವಿವೇಕದ ವಿಷಯದಲ್ಲಿ ದೀನತೆ ಬೇಕೆನ್ನುವವರು ಆ ವಿಚಾರಣೆಯಿಂದಲೇ ಶುರು ಮಾಡಬೇಕು.

ಒಂದು ನೋಟ್‌ಬುಕ್ ಇಡಿ. ಯಾರಿಗೆ, ಯಾವ ದಿನ, ಏನು ಹೇಳಿದಿರಿ ಎಂದು ಅಂದೇ ಬರೆಯಿರಿ. ಬೇರೆಯವರ ಕಣ್ಣಿಗೆ ಬೀಳದಂತೆ ಬೀಗ ಹಾಕಿಡಿ, ಅದರಲ್ಲಿರುವುದು ಅವರ ಮನೆಯ ಗುಟ್ಟು. ಬರೆಯದಿದ್ದರೆ ಫಲಿಸಿದ ಸಲಹೆಗಳಷ್ಟೇ ನೆನಪಿನಲ್ಲಿ ಉಳಿಯುತ್ತವೆ, ಉಳಿದವು ಮಳೆಗಾಲದ ಹೆಜ್ಜೆಗುರುತಿನಂತೆ ಅಳಿಸಿಹೋಗುತ್ತವೆ. ಪುಟದ ನಡುವೆ ಒಂದು ಗೆರೆ ಎಳೆಯಿರಿ. ಎಡಕ್ಕೆ ದೇವರ ವಾಕ್ಯ ನೇರವಾಗಿ ಹೇಳುವುದು, ಬಲಕ್ಕೆ ನಿಮ್ಮ ಅಭಿಪ್ರಾಯ. ನನ್ನ ಮೊದಲ ತಿಂಗಳ ಪುಟಗಳಲ್ಲಿ ಎಡಗಡೆ ಬಹುಪಾಲು ಖಾಲಿ ಇತ್ತು.

ಆರು ತಿಂಗಳೋ ವರ್ಷವೋ ಕಳೆದ ಮೇಲೆ ಅವರ ಮನೆಗೇ ಹೋಗಿ ಕೇಳಿ. ಕಷ್ಟದ ಕೆಲಸ ಇದೇ.

ತೋಟದ ಕೆಲಸಕ್ಕೆ ಹೋಗುವ ಒಬ್ಬ ತಾಯಿಯ ಮಗಳಿಗೆ ಮಂಗಳೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಶಿರಾಡಿ ಘಾಟಿಯ ಆಚೆ ಹಾಸ್ಟೆಲಿನಲ್ಲಿ ಹೆಣ್ಣುಮಗಳನ್ನು ಬಿಡುವುದು ಬೇಡ, ಮನೆಯಲ್ಲಿದ್ದು ತಂದೆ ತಾಯಿಯನ್ನು ಸನ್ಮಾನಿಸಲಿ ಎಂದು ವಚನ ತೋರಿಸಿ ಹೇಳಿದ್ದೆ. ಒಂದೂವರೆ ವರ್ಷದ ನಂತರ ಅವರ ಲೈನ್ ಮನೆಯ ಜಗಲಿಯಲ್ಲಿ ಕುಳಿತು ವಿಚಾರಿಸಿದೆ. ಮಗಳು ಹಾಸನದ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ಬೀಜ ಆರಿಸಲು ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ತಾಯಿ ಕೋಪಿಸಿಕೊಳ್ಳಲಿಲ್ಲ. ‘ಕಳುಹಿಸಬೇಕೆಂದೇ ನನಗೆ ಆಸೆ ಇತ್ತು ಟೀಚರಮ್ಮ. ನೀವು ವಚನ ತೋರಿಸಿದಿರಿ, ಅದಕ್ಕೆ ಎದುರು ಏನು ಹೇಳಲಿ?’ ಎಂದರು.

ತಂದೆ ತಾಯಿಯನ್ನು ಸನ್ಮಾನಿಸು ಎಂಬ ಐದನೆಯ ಆಜ್ಞೆ ದೇವರದು, ಹಾಸ್ಟೆಲಿನ ಭಯ ನನ್ನದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಆ ತಾಯಿಯ ಬಾಯಿ ಕಟ್ಟಿದ್ದೆ.

ಇಂಥ ಹೊತ್ತಿನಲ್ಲಿ ಸಮಜಾಯಿಷಿ ಕೊಡಬೇಡಿ. ‘ಒಳ್ಳೆಯದಕ್ಕೇ ಹೇಳಿದ್ದೆ’ ಎಂಬ ಮಾತು ನಾಲಿಗೆಯ ತುದಿಗೆ ಬಂದೇ ಬರುತ್ತದೆ, ನುಂಗಿಕೊಳ್ಳಿ. ‘ನಾನು ಹೇಳಿದ್ದು ತಪ್ಪು’ ಎಂದು ಅವರೆದುರೇ ಹೇಳಿ. ದೇವರ ಮುಂದೆ ಮಾತ್ರ ಅರಿಕೆ ಮಾಡಿಕೊಂಡರೆ ಸಾಲದು, ಸಲಹೆಯ ಭಾರ ಹೊತ್ತವರು ಅವರು. ತಿದ್ದಲು ದಾರಿ ಇದ್ದರೆ ಅವರ ಜೊತೆ ಓಡಾಡಿ. ನಾನು ಆ ಹುಡುಗಿಯ ಅಂಕಪಟ್ಟಿ ಹಿಡಿದು ಮೂರು ಕಾಲೇಜುಗಳಿಗೆ ಹೋದೆ.

ಹೊಸದಾಗಿ ಸಲಹೆ ಕೇಳಲು ಬಂದವರಿಗೆ ಅದೇ ದಿನ ಉತ್ತರ ಕೊಡಬೇಡಿ. ಕೇಳಿಸಿಕೊಳ್ಳುವ ಮೊದಲೇ ಉತ್ತರಿಸುವುದು ಮೂರ್ಖತನ ಎನ್ನುವ, ಬೈಬಲಿನ ಜ್ಞಾನೋಕ್ತಿಗಳ ಪುಸ್ತಕದ 18ನೆಯ ಅಧ್ಯಾಯವೇ, ಮೊದಲು ವಾದಿಸಿದವನು ಸರಿಯೆಂದು ಕಾಣುತ್ತಾನೆ, ಪ್ರತಿವಾದಿ ಬಂದು ಪರೀಕ್ಷಿಸುವ ತನಕ, ಎಂದೂ ಎಚ್ಚರಿಸುತ್ತದೆ. ಅಣ್ಣತಮ್ಮಂದಿರ ತೋಟದ ಪಾಲಿನ ತಕರಾರಿನಲ್ಲಂತೂ ಒಬ್ಬರ ಮಾತು ಕೇಳಿ ಬಾಯಿ ತೆರೆಯಲೇಬಾರದು. ‘ನಿಮ್ಮ ಮನಸ್ಸಿಗೆ ಏನು ಅನ್ನಿಸುತ್ತದೆ?’ ಎಂದು ಬಂದವರನ್ನೇ ಮೊದಲು ಕೇಳಿ. ವಚನ ಓದುವುದು ಆಮೇಲೆ.

ನಿಮ್ಮನ್ನು ತಿದ್ದುವವರು ಒಬ್ಬರಾದರೂ ಇರಲಿ, ನಿಮಗಿಂತ ಕಡಿಮೆ ಓದಿದವರಾದರೆ ಇನ್ನೂ ಒಳ್ಳೆಯದು. ಬೈಬಲಿನ ಅಪೊಸ್ತಲರ ಕೃತ್ಯಗಳ ಪುಸ್ತಕದ 18ನೆಯ ಅಧ್ಯಾಯದ ಅಪೊಲ್ಲೋಸನು ಅಲೆಕ್ಸಾಂದ್ರಿಯದವನು, ವಾಗ್ಮಿ, ಶಾಸ್ತ್ರಗಳಲ್ಲಿ ಪ್ರವೀಣ. ಅವನನ್ನು ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಚೆನ್ನಾಗಿ ವಿವರಿಸಿದವರು ಡೇರೆ ಮಾಡಿ ಬದುಕುತ್ತಿದ್ದ ಪ್ರಿಸ್ಕಿಲ್ಲ, ಅಕ್ವಿಲ ದಂಪತಿ. ಅವನು ಎದುರಾಡಿದನೆಂದು ಆ ಪುಸ್ತಕದ ಲೇಖಕ ಲೂಕನು ಬರೆದಿಲ್ಲ. ಆ ಜಾಗ ಓದುವಾಗ ನಾನು ಪ್ರತಿಸಾರಿ ತಡೆದು ನಿಲ್ಲುತ್ತೇನೆ.

ನನ್ನ ಪ್ರಿಸ್ಕಿಲ್ಲ ಆ ತಾಯಿಯೇ. ಗುರುವಾರ ಮನೆಯಲ್ಲಿ ಸೇರುವ ಪ್ರಾರ್ಥನಾ ಕೂಟದ ನಂತರ ನೋಟ್‌ಬುಕ್ಕಿನ ಬಲಗಡೆಯ ಮಾತುಗಳನ್ನು, ಯಾರ ಹೆಸರನ್ನೂ ಎತ್ತದೆ, ಅವರಿಗೆ ಓದಿ ಹೇಳುತ್ತೇನೆ. ಹೋದ ವಾರ ಎರಡು ಸಾಲು ಹೊಡೆದುಹಾಕಿಸಿದರು.