ತಾರಸಿಯ ಗ್ರಿಲ್‌ಗೆ ಪೈಪ್ ಗ್ಯಾಸ್ ಜೋಡಿಸುವುದು ಹೇಗೆ?

ಬೆಂಗಳೂರಿನ ಹಲವು ಬಡಾವಣೆಗಳಲ್ಲಿ ಈಗ ಗೇಲ್ ಗ್ಯಾಸ್‌ನ ಪೈಪು ಅಡುಗೆಮನೆಗೆ ಬಂದಿದೆ. ಅದೇ ಲೈನಿನಿಂದ ತಾರಸಿಯ ಗ್ರಿಲ್‌ಗೂ ಗ್ಯಾಸ್ ಕೊಡಬಹುದು. ಆದರೆ ಸಿಲಿಂಡರಿಗೆಂದು ಕೊಂಡ ಗ್ರಿಲ್ಲನ್ನು ಹಾಗೇ ಪೈಪಿಗೆ ಸಿಕ್ಕಿಸಬೇಡಿ. ಕೆಲಸ ಕೆಡುವುದು ಹೆಚ್ಚಾಗಿ ಅಲ್ಲೇ.

ಮೊದಲು ಜೆಟ್ ನೋಡಿ, ಅಂದರೆ ಬರ್ನರಿಗೆ ಗ್ಯಾಸ್ ಬಿಡುವ ಸಣ್ಣ ತೂತಿನ ತುಂಡು. ಸಿಲಿಂಡರಿನ ಗ್ಯಾಸ್ ರೆಗ್ಯುಲೇಟರಿನಿಂದ ಸುಮಾರು 30 ಮಿಲಿಬಾರ್ ಒತ್ತಡದಲ್ಲಿ ಬರುತ್ತದೆ, ಪೈಪಿನ ಗ್ಯಾಸ್ ಸುಮಾರು 21 ಮಿಲಿಬಾರ್‌ನಲ್ಲಿ. ಅಷ್ಟೇ ಗಾತ್ರದ ಸಿಲಿಂಡರ್ ಗ್ಯಾಸಿಗಿಂತ ಪೈಪ್ ಗ್ಯಾಸಿನಲ್ಲಿ ಶಾಖವೂ ಕಡಿಮೆ. ಹಾಗಾಗಿ ಅದಕ್ಕೆ ಬೇಕಾದ ಜೆಟ್ಟಿನ ತೂತು ವಿಸ್ತೀರ್ಣದಲ್ಲಿ ಹೆಚ್ಚುಕಡಿಮೆ ಎರಡರಷ್ಟಿರಬೇಕು. ಹಳೆಯ ಜೆಟ್ಟನ್ನೇ ಬಿಟ್ಟರೆ ಉರಿ ಮಂಕಾಗಿ ಕಾವಲಿ ಕಾಯುವುದೇ ಇಲ್ಲ. ಪೈಪ್ ಗ್ಯಾಸಿನ ಜೆಟ್ ಇಟ್ಟು ಸಿಲಿಂಡರ್ ಹಚ್ಚಿದರಂತೂ ಅಪಾಯ: ಹಳದಿ ಜ್ವಾಲೆ ಎದ್ದು ಮಸಿ ಕಟ್ಟುತ್ತದೆ. ಇರುವ ಜೆಟ್ಟನ್ನೇ ಡ್ರಿಲ್ಲಿನಿಂದ ಅಗಲ ಮಾಡಿಕೊಡುತ್ತೇವೆ ಎನ್ನುವವರಿದ್ದಾರೆ. ಒಪ್ಪಬೇಡಿ, ತೂತು ಸೊಟ್ಟಗಾದರೆ ಉರಿಯೂ ಸೊಟ್ಟ. ಗ್ರಿಲ್ ತಯಾರಿಸಿದ ಕಂಪನಿಯಿಂದಲೇ ಅದೇ ಮಾಡೆಲ್ಲಿನ ಪಿಎನ್‌ಜಿ (ಪೈಪ್ ಗ್ಯಾಸ್) ಜೆಟ್ ತರಿಸಿ. ಅವರು ಕೊಡುವುದಿಲ್ಲವೆಂದರೆ ಆ ಗ್ರಿಲ್ ಸಿಲಿಂಡರಿನಲ್ಲೇ ಇರಲಿ.

ಮುಂದೆ ಲೆಕ್ಕ. ಮೂರು ಬರ್ನರಿನ, ಒಟ್ಟು 9 ಕಿಲೋವಾಟಿನ ಗ್ರಿಲ್ ಪೂರ್ತಿ ಉರಿದರೆ ಗಂಟೆಗೆ ಒಂದು ಘನ ಮೀಟರಿಗಿಂತ ತುಸು ಕಡಿಮೆ ಗ್ಯಾಸ್ ಬೇಕು. ಮನೆಗಳಿಗೆ ಹಾಕುವ ಜಿ1.6 ಮೀಟರು ಗಂಟೆಗೆ 2.5 ಘನ ಮೀಟರ್‌ವರೆಗೆ ಬಿಡುತ್ತದೆ, ಹಾಗಾಗಿ ಅಡುಗೆಮನೆಯ ಸ್ಟೌ ಜೊತೆಗೇ ಉರಿದರೂ ಸಾಲುತ್ತದೆ. ಗೀಸರೂ ಅದೇ ಲೈನಿನಲ್ಲಿದ್ದರೆ ಅದನ್ನೂ ಸೇರಿಸಿ ಲೆಕ್ಕ ಹಾಕಬೇಕು.

ಲೈನ್ ಎಳೆಯುವುದು ಗ್ಯಾಸ್ ಕಂಪನಿಯ ಕೆಲಸ, ನಮ್ಮ ಪ್ಲಂಬರಿನದಲ್ಲ. ಹೆಚ್ಚುವರಿ ಪಾಯಿಂಟ್ ಬೇಕೆಂದು ಅರ್ಜಿ ಕೊಡಿ; ಅಪಾರ್ಟ್‌ಮೆಂಟಾದರೆ ಸಂಘದ ಒಪ್ಪಿಗೆಯನ್ನೂ ಮೊದಲೇ ಪಡೆಯಿರಿ. ಅವರು ಬಂದಾಗ ನೀವು ಗಮನಿಸಬೇಕಾದ್ದು ಮೂರು. ಮೀಟರಿನಿಂದ ತಾರಸಿ ದೂರವಿದ್ದು ಎಲ್ಬೋಗಳೂ (ತಿರುವಿನ ಜೋಡಣೆಗಳೂ) ಹೆಚ್ಚಾದರೆ ಅರ್ಧ ಇಂಚಿನ ಜಿಐ ಪೈಪಿನಲ್ಲಿ ಒತ್ತಡ ಬೀಳುತ್ತದೆ, ಮುಕ್ಕಾಲು ಇಂಚು ಹಾಕಬಹುದೇ ಎಂದು ಕೇಳಿ. ಪೈಪಿನ ತುದಿಗೆ ಕಾಲು ಸುತ್ತಿನ ಬಾಲ್ ವಾಲ್ವ್ ಇರಲಿ, ಅದು ಉರಿಯ ಮೇಲೆ ಕೈ ಚಾಚದೆ ಸಿಗುವಂತಿರಲಿ. ಪೈಪು ವಿದ್ಯುತ್ ತಂತಿಗಳಿಂದ ದೂರವಿರಲಿ.

ಗ್ರಿಲ್ ಇಡುವ ಜಾಗ ಬಯಲಾಗಿರಬೇಕು. ಪೈಪಿನ ಗ್ಯಾಸ್ ಗಾಳಿಗಿಂತ ಹಗುರ, ಸೋರಿದರೆ ಮೇಲೇರುತ್ತದೆ; ತಗಡಿನ ಮಾಡಿನ ಕೆಳಗೆ ನಿಂತುಬಿಡುತ್ತದೆ. ಮುಚ್ಚಿದ ಬಾಲ್ಕನಿಯಲ್ಲಂತೂ ಹೊಗೆಯ ಕಾರ್ಬನ್ ಮೊನಾಕ್ಸೈಡೂ ತುಂಬಿಕೊಳ್ಳುತ್ತದೆ. ಗೋಡೆಯಿಂದ, ಬಟ್ಟೆ ಒಣಗಿಸುವ ಹಗ್ಗದಿಂದ ಒಂದು ಮೀಟರಾದರೂ ದೂರ ಬಿಡಿ.

ವಾಲ್ವಿನಿಂದ ಗ್ರಿಲ್‌ಗೆ ಐಎಸ್‌ಐ ಗುರುತಿನ, ಒಳಗೆ ಉಕ್ಕಿನ ತಂತಿಯಿರುವ ರಬ್ಬರ್ ಟ್ಯೂಬ್ ಬೇಕು. ಉದ್ದ ಒಂದೂವರೆ ಮೀಟರ್ ಮೀರದಿರಲಿ. ಟ್ಯೂಬು ಕೂರುವ ನಳಿಕೆಯ ಕೊನೆಯ ಉಬ್ಬು ದಾಟುವವರೆಗೆ ಟ್ಯೂಬನ್ನು ತಳ್ಳಿ ಎರಡೂ ತುದಿಗೆ ಕ್ಲಿಪ್ ಬಿಗಿಯಿರಿ. ಟ್ಯೂಬು ಗ್ರಿಲ್ಲಿನ ತಳಕ್ಕೆ ತಾಗಬಾರದು, ಗೋಡೆಯೊಳಗೆ ಹಾಯಬಾರದು. ನಳಿಕೆಯ ಚೂಡಿಗೆ (ತಿರುಪಿನ ಎಳೆಗೆ) ಟೇಪ್ ಸುತ್ತುವಾಗ ನೀರಿನ ಕೊಳಾಯಿಯ ತೆಳು ಬಿಳಿ ಟೇಪ್ ಸಾಲದು. ಗ್ಯಾಸಿಗೆಂದೇ ಬರುವ ದಪ್ಪ ಹಳದಿ ಟೇಪನ್ನು, ಮೊದಲ ಚೂಡಿ ಬಿಟ್ಟು, ಬಿಗಿಯುವ ದಿಕ್ಕಿನಲ್ಲೇ ಸುತ್ತಿ. ತೆರೆದ ಬಿಸಿಲಿನಲ್ಲಿ ರಬ್ಬರು ಬೇಗ ಸೀಳುತ್ತದೆ, ಟ್ಯೂಬಿನ ಐದು ವರ್ಷದ ಅವಧಿ ಮುಗಿಯಲೆಂದು ಕಾಯದೆ ಬಿರುಕು ಕಂಡ ದಿನವೇ ಬದಲಿಸಿ.

ಈಗ ಸೋರಿಕೆ ಪರೀಕ್ಷೆ. ಗ್ರಿಲ್ಲಿನ ನಾಬುಗಳೆಲ್ಲ ಬಂದಾಗಿರಲಿ, ವಾಲ್ವ್ ಮಾತ್ರ ತೆರೆಯಿರಿ. ಪಾತ್ರೆ ತೊಳೆಯುವ ಸೋಪಿನ ನೀರನ್ನು ಬ್ರಷ್‌ನಿಂದ ಪ್ರತಿ ಜೋಡಣೆಗೂ ಹಚ್ಚಿ ಒಂದು ನಿಮಿಷ ಕಣ್ಣಿಟ್ಟು ನೋಡಿ. ಗುಳ್ಳೆ ಒಂದೇ ಜಾಗದಲ್ಲಿ ಹುಟ್ಟಿ ದೊಡ್ಡದಾಗುತ್ತಿದ್ದರೆ ಅಲ್ಲಿ ಸೋರುತ್ತಿದೆ. ಬೆಂಕಿಕಡ್ಡಿ ಗೀರಿ ನೋಡುವುದು ಬೇಡವೇ ಬೇಡ. ನಂತರ ಮನೆಯ ಎಲ್ಲ ಒಲೆ ಆರಿಸಿ ಮೀಟರಿನ ಕೆಂಪು ಅಂಕಿ ಬರೆದಿಟ್ಟುಕೊಳ್ಳಿ. ಇಪ್ಪತ್ತು ನಿಮಿಷ ಬಿಟ್ಟು ನೋಡಿದಾಗ ಅದು ಕದಲಿದ್ದರೆ ವಾಲ್ವ್ ಮುಚ್ಚಿ ಕಂಪನಿಯ ತುರ್ತು ಸಂಖ್ಯೆಗೆ ಕರೆ ಮಾಡಿ. ವಾಸನೆಯೇ ಬಂದರೆ ಸ್ವಿಚ್ ಮುಟ್ಟಬೇಡಿ, ಫೋನನ್ನೂ ಆಚೆ ಹೋಗಿಯೇ ಮಾಡಿ.

ಹಚ್ಚುವಾಗ ಮುಚ್ಚಳ ತೆರೆದಿರಲಿ. ಐದು ಸೆಕೆಂಡಿನಲ್ಲಿ ಹೊತ್ತದಿದ್ದರೆ ನಾಬು ಬಂದ್ ಮಾಡಿ, ಐದು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ. ಜ್ವಾಲೆ ನೀಲಿಯಿದ್ದು ತುದಿಯಲ್ಲಷ್ಟೇ ಹಳದಿ ಕಂಡರೆ ಸರಿ. ಪೂರ್ತಿ ಹಳದಿಯಾದರೆ ಬರ್ನರಿನ ಗಾಳಿಕಿಂಡಿ ತುಸು ತೆರೆಯಿರಿ. ಬರ್ನರಿನಿಂದ ಮೇಲೆದ್ದು ಸದ್ದು ಮಾಡಿದರೆ ತುಸು ಮುಚ್ಚಿ. ಸ್ಟೌ ಹಚ್ಚಿದೊಡನೆ ಗ್ರಿಲ್ ಮಂಕಾದರೆ ಪೈಪಿನ ವ್ಯಾಸ ಸಾಲದು ಎಂದೇ ಅನುಮಾನಿಸಿ.

ಕಿಂಡಿ ಸರಿಮಾಡಿದರೂ ಒಂದೇ ಬರ್ನರು ಹಳದಿಯಾಗಿ ಉರಿದರೆ, ಅಥವಾ ಜ್ವಾಲೆ ನಾಬಿನ ಕಡೆಗೇ ಹಿಂದಕ್ಕೆ ಬಂದರೆ ಜೆಟ್ಟಿನ ಮುಂದಿನ ಕೊಳವೆಯನ್ನು ಬಿಚ್ಚಿ ನೋಡಿ. ತಿಂಗಳುಗಟ್ಟಲೆ ಸುಮ್ಮನಿದ್ದ ಗ್ರಿಲ್ಲಿನಲ್ಲಿ ಜೇಡ ಒಳಗೆ ಬಲೆ ಕಟ್ಟಿ ಗ್ಯಾಸಿನ ದಾರಿ ತಡೆದಿರುತ್ತದೆ. ಬಾಟಲಿ ತೊಳೆಯುವ ಬ್ರಷ್‌ನಿಂದ ಒಮ್ಮೆ ಉಜ್ಜಿದರೆ ಹೋಗುತ್ತದೆ. ಮಳೆಗಾಲ ಮುಗಿದ ಮೇಲೆ ಮೊದಲ ಸಲ ಹಚ್ಚುವ ಮುನ್ನ ಇದನ್ನು ತಪ್ಪದೆ ಮಾಡಿ.